ಹಾಯಿ

ಮೊದಲು ಗೋಡೆಯ ಥರ್ಮೋಸ್ಟಾಟು ಟಕ್ ಅನ್ನಬೇಕು.
ಅಂದಿತು.
ಆಮೇಲೆ ಫ್ಯಾನು. ಅದೂ ತಿರುಗಿತು,
ಮೇಸ್ತ್ರಿ ಬಂದಾಗ ಬಗ್ಗಿ ದುಡಿಯುವವರ ಹಾಗೆ.
ಆಮೇಲೆ ಕಿಡಿಯ ಟಿಕ್ ಟಿಕ್,
ಅದರ ಬೆನ್ನಿಗೇ ಭುಗ್ಗೆನ್ನುವ ಬೆಂಕಿ.
ಎರಡೂ ಇಲ್ಲ.
ತಣ್ಣನೆ ಗಾಳಿಯನ್ನೇ ನಮ್ಮ ಮೇಲೆ ಊದಿ ಊದಿ
ಫರ್ನೇಸು ಸುಮ್ಮನಾಯಿತು.

ರಾತ್ರಿ ಎರಡೂಕಾಲು. ನಾರ್ತ್ ಡಕೋಟದ ಬಯಲು.
ಹೊಲದ ಬೀಟು ಹೆಪ್ಪುಗಟ್ಟಿತೆಂದು
ಸಂಜೆಯೇ ಕೆಲಸ ನಿಲ್ಲಿಸಿದ್ದರು,
ಅಂದರೆ ಕೂಲಿಯನ್ನೂ.
ಅರ್ಕನ್ಸಾದಿಂದ ನನ್ನ ಜೊತೆ ಬಂದ ಟ್ವೈಲಾ
ಎರಡು ಟೋಪಿ, ಮೂರು ಜೊತೆ ಕಾಲುಚೀಲ ತೊಟ್ಟು
ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.
ಕಿಟಕಿಯಾಚೆ, ದೀಪದ ಕಂಬಗಳ ಕೆಳಗೆ,
ಮೊದಲೇ ಕಿತ್ತು ಗುಡ್ಡೆ ಹಾಕಿದ ಬೀಟು ಹಬೆಯಾಡುತ್ತಿದೆ.
ಕಿತ್ತ ಮೇಲೂ ಉಸಿರಾಡುತ್ತವಂತೆ ಗಡ್ಡೆಗಳು,
ಒಂದನ್ನೊಂದು ಒತ್ತಿಕೊಂಡು ಬೆಚ್ಚಗಿರುತ್ತವಂತೆ.
ಬೀಟಾಗಿಯಾದರೂ ಹುಟ್ಟಬಾರದಿತ್ತೇ.

ಪಕ್ಕದ ಕ್ಯಾಂಪರಿನ ಆರ್ಲೋ ಟಾರ್ಚು ಹಿಡಿದು ಬಂದ.
ಒಳಗೆ ಬರಲಿಲ್ಲ, ಬೂಟಿನ ತುಂಬ ಕೆಸರು.
ಮೆಟ್ಟಿಲ ಮೇಲೆ ನಿಂತೇ ಕೇಳಿದ, ಡಾಕ್ಟರರ ಹಾಗೆ:
ಬ್ಯಾಟರಿ?
ಹನ್ನೆರಡೂವರೆ ತೋರಿಸುತ್ತಿದೆ.
ಗ್ಯಾಸು?
ಒಲೆ ಹಚ್ಚಿ ನೋಡಿದೆ, ನೀಲಿಯಾಗಿಯೇ ಉರಿಯಿತು.
ಅದರ ಮುಂದೇ ಕೂತುಬಿಡಲೇ ಅಂದರೆ
ಬೇಡ, ಬೆಳಗ್ಗೆ ಏಳುವುದಿಲ್ಲ, ಅಂದ.
ಗದ್ದ ತುರಿಸಿಕೊಂಡ.
ಹಾಗಾದರೆ ಹಾಯಿ.

ಹಡಗಿನದಲ್ಲ.
ಹೆಬ್ಬೆರಳ ಉಗುರಿನಷ್ಟು ತಗಡು,
ಫ್ಯಾನಿನ ಗಾಳಿಗೆ ಅದು ಏಳಬೇಕು,
ಎದ್ದು ಇನ್ನೊಂದು ತಗಡಿಗೆ ತಾಗಬೇಕು,
ತಾಗಿದರೆ ಮಾತ್ರ ಬೆಂಕಿಗೆ ಅಪ್ಪಣೆ.
ಗಾಳಿ ಬಂದಾಗ ತೂರಿಕೋ ಎಂಬ ಮಾತು
ಈ ತಗಡಿಗೆ ಯಾರೂ ಹೇಳಿರಲಿಲ್ಲವೇನೋ.

ಗ್ಯಾಸು ಮುಚ್ಚಿ, ಕರೆಂಟು ತೆಗೆದು,
ಕವಚದ ನಾಲ್ಕು ಸ್ಕ್ರೂ ಬಿಚ್ಚಿದೆ.
ನಾಲ್ಕನೆಯದು ತಲೆ ಸವೆದು ಸತಾಯಿಸಿತು,
ಬೆರಳು ತರಚಿತು, ಬೈದೆ.
ಕವಚದ ಒಳಮೈಯಲ್ಲಿ ಪೆನ್ಸಿಲಿನ ಅಕ್ಷರ.

*ನವೆಂಬರ್ 2006. ಹಾಯಿ. ಮೈನಾಟ್ ಊರು.*

*ಮೇ 2009. ಬರ್ನರಿನಲ್ಲಿ ಕಣಜದ ಮಣ್ಣುಗೂಡು.
ವಿಲ್ಮಾ ಬೈದಳು, ಆಮೇಲೆ ಕಾಫಿ ಕೊಟ್ಟಳು.*

*ಜನವರಿ 2014. ಮತ್ತೆ ಹಾಯಿ. ನಾಯಿಯ ಕೂದಲು.
ಒಬ್ಬನೇ.*

ಗಾಡಿ ಮಾರಿದ ಹುಡುಗ ಹೇಳಿದ್ದು ಇಷ್ಟೇ:
ತಾತನದು, ನನಗೇನೂ ಗೊತ್ತಿಲ್ಲ.
ನಾವು ಚೌಕಾಸಿ ಮಾಡಿ ಇನ್ನೂರು ಇಳಿಸಿದ್ದೆವು.

ಟ್ವೈಲಾಳ ಹುಬ್ಬಿನ ಚಿಮಟ ತಂದು
ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಎಳೆದೆ.
ಬಂತು, ಉಂಡೆಯಾಗಿ, ಕೆಂಚು ಕೂದಲು,
ಕಳೆದ ವರ್ಷದ್ದೋ ಹತ್ತು ವರ್ಷದ್ದೋ.
ನಾನು ನಾಯಿ ಸಾಕಿದವಳೇ ಅಲ್ಲ.
ಹೆಸರೇನಿತ್ತೋ. ಫರ್ನೇಸಿನ ಮುಂದೆಯೇ
ಮಲಗುತ್ತಿತ್ತೇನೋ ಪುಣ್ಯಾತ್ಮ,
ಬೆಚ್ಚಗಿರುವ ಜಾಗ ಯಾರಿಗೆ ಬೇಡ.
ಎಸೆಯಲು ಕೈ ಬಾರದೆ
ಕಾಫಿ ಲೋಟದ ಪಕ್ಕದಲ್ಲಿಟ್ಟೆ.

ಬಾಯಿಂದ ಊದಿದೆ. ತಗಡು ಎದ್ದಿತು,
ಬಿದ್ದಿತು. ಇನ್ನೊಮ್ಮೆ ಊದಿದೆ.
ಕರೆಂಟು ಕೊಟ್ಟು, ಗ್ಯಾಸು ತೆರೆದು
ಕಿವಿಗೊಟ್ಟು ಕೂತೆ.
ಟಕ್.
ಫ್ಯಾನು.
ಟಿಕ್ ಟಿಕ್ ಟಿಕ್
ಎಷ್ಟು ಹೊತ್ತು ಅನ್ನುವಷ್ಟರಲ್ಲಿ
ಭುಗ್.

ಹೊರಗೆ ಆರ್ಲೋ ಹೂಂ ಅಂದ, ಹೋದ.
ಕಾಲಡಿಯ ಜಾಲರಿಯಿಂದ ಸುಟ್ಟ ಧೂಳಿನ ವಾಸನೆ,
ಹಿಂದೆಯೇ ಬಿಸಿ, ಹಾಯೆನಿಸುವಂತೆ.
ನಿದ್ದೆಯಲ್ಲೇ ಟ್ವೈಲಾ ಒಂದು ಟೋಪಿ ಕಿತ್ತೆಸೆದಳು.

ಪೆನ್ಸಿಲು ಹುಡುಕಿದೆ, ಸಿಗಲಿಲ್ಲ.
ಅವಳ ಹುಬ್ಬಿನ ಪೆನ್ಸಿಲಿನಲ್ಲೇ ಬರೆದೆ:
*ಅಕ್ಟೋಬರ್. ಹಾಯಿ. ಅದೇ ನಾಯಿ.*

ಕವಚ ಮುಚ್ಚಿ ಬಿಗಿದ ಮೇಲೆ
ಅಂಗೈಯಲ್ಲಿ ಒಂದು ಸ್ಕ್ರೂ ಉಳಿದಿತ್ತು.
ಬಿಚ್ಚಿದ್ದು ನಾಲ್ಕು, ಹಾಕಿದ್ದೂ ನಾಲ್ಕು.