ಭರತ ಹನ್ನೊಂದೂವರೆಗೆ

ಹನ್ನೊಂದು ವರ್ಷ ಅಲ್ಲಿ ಬರೆದೆ, ದಿನಕ್ಕೆ ನಾಲ್ಕು ಸಾಲು:
ಬೈತಖೋಲಕ್ಕೆ ದೋಣಿ ಎಷ್ಟು ಬಂತು, ಬಂಗಡೆ ಬುಟ್ಟಿಗೆ ಎಷ್ಟು,
ಭರತ ಎಷ್ಟಕ್ಕೆ, ಇಳಿತ ಎಷ್ಟಕ್ಕೆ.
ಮೂರು ಸಾವಿರ ಜನ ಹೆಬ್ಬೆರಳು ಎತ್ತಿ ಮುಂದೆ ಹೋಗುತ್ತಿದ್ದರು.
ಒಂದು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ.
ನೀವು ನೀವೇ ಎಂದು ತೋರಿಸಿ, ಎಂದಿತು ಪರದೆ.
ಆಧಾರ್ ತೋರಿಸಿದೆ. ಮುಖ ತೋರಿಸಿದೆ, ಎಡಕ್ಕೆ, ಬಲಕ್ಕೆ.
ನಿಯಮ ಮುರಿದಿದ್ದೀರಿ, ಎಂದಿತು. ಯಾವುದು ಎನ್ನಲಿಲ್ಲ.

ಒಳಗೆ ಅಪ್ಪ ಉಳಿದ,
ಇಸ್ವಾಣವನ್ನು ಮಗುವಿನಂತೆ ಎತ್ತಿಕೊಂಡು ನಿಂತವ.
ಆ ಫೋಟೋ ಬೇರೆಲ್ಲೂ ಇರಲಿಲ್ಲ.

ಐಸ್ ಫ್ಯಾಕ್ಟರಿಯ ಲೆಕ್ಕದವಳು ನಾನು.
ಕರಗುವುದನ್ನೇ ತೂಗಿ ಮಾರುವ ಕೆಲಸ.
ಆದರೂ ಇದು ಹೊಳೆದಿರಲಿಲ್ಲ:
ಅಷ್ಟೂ ವರ್ಷ ಬೇರೆಯವರ ಗೋಡೆಗೆ ಮೊಳೆ ಹೊಡೆದಿದ್ದೆ.

ಒಂದು ಹೆಸರು ಕೊಂಡೆ. ವರ್ಷಕ್ಕೆ ಎಂಟುನೂರ ಐವತ್ತು.
ಮೂಲೆಯ ಹಳೇ ಕಂಪ್ಯೂಟರನ್ನು ಉಪ್ಪುಗಾಳಿ ತಾಗದ ಹಾಗೆ
ಹರಕು ರೇನ್‌ಕೋಟಿನಲ್ಲಿ ಸುತ್ತಿ, ತಂಪು ಗೋಡೆಗೆ ಒರಗಿಸಿ
ಮೊದಲ ಸಾಲು ಬರೆದೆ:
ಇಂದು ಭರತ ಹನ್ನೊಂದೂವರೆಗೆ.
ಕರೆಂಟ್ ಹೋದರೆ ನಾನೂ ಹೋಗುತ್ತೇನೆ. ಬಂದರೆ ಬರುತ್ತೇನೆ.

ನಾಲ್ಕು ತಿಂಗಳಲ್ಲಿ ಹತ್ತೊಂಬತ್ತು ಮಂದಿ ಬಂದರು.
ಹನ್ನೊಂದು ಸಲ ನಾನೇ.

ಆಮೇಲೆ ಸಾಣಿಕಟ್ಟೆಯ ಬೀರು ಗೌಡ.
ಉಪ್ಪಿನಾಗರದ ಪಕ್ಕ ಅವನದೂ ಒಂದು ಪುಟ,
ಕನ್ನಡಕ ಒಡೆದದ್ದಕ್ಕೆ ಅಕ್ಷರ ತೆಂಗಿನಕಾಯಿಯಷ್ಟು.
ಎಂಟು ದಿನಕ್ಕೊಮ್ಮೆ ಒಂದು ಸಾಲು:
ಮೋಡ. ಉಪ್ಪು ಕೂರಲಿಲ್ಲ.
ನಾನು ನನ್ನ ಪುಟದಲ್ಲೇ ಬರೆದೆ: ಇಲ್ಲಿಯೂ ಮೋಡ.
ಅವನ ಬಾಗಿಲಿಗೆ ತಟ್ಟಿದ ಸದ್ದು ಹೋಯಿತು.
ಅವನು ಅವನ ಪುಟದಲ್ಲಿ ಬರೆದ, ಸದ್ದು ನನ್ನ ಬಾಗಿಲಿಗೆ ಬಂತು.
ನಡುವೆ ದಲಾಲಿ ಇಲ್ಲ.
ನೆರೆಮನೆಗೆ ಸಾರು ಕೊಟ್ಟ ಪಾತ್ರೆ
ಖಾಲಿ ಮರಳಬಾರದೆಂದು
ಎರಡು ಮುರುಗಲು ಸಿಪ್ಪೆ ಹಾಕಿ ಕಳಿಸುತ್ತಾರಲ್ಲ, ಹಾಗೆ.

ಚೆಂಡಿಯೆಯ ಇನಾಸ್, ಹಕ್ಕಿಗಳ ಲೆಕ್ಕ ಇಡುವವನು, ಸೇರಿದ.
ಭಟ್ಕಳದ ಝುಲೇಖಾ ತನ್ನ ಹೊಲಿಗೆಯ ಅಂಚುಗಳನ್ನಷ್ಟೇ ಹಾಕುತ್ತಾಳೆ,
ಮಾತಿಲ್ಲ.
ಮಾಜಾಳಿಯ ಗುಲಾಬಿ ಹರಿಕಂತ್ರಳ ಪುಟದಲ್ಲಿ ಅಕ್ಷರವೇ ಇಲ್ಲ.
ಒತ್ತಿದರೆ ಅವಳ ದನಿ, ತಾರ್ಲೆ ತಾಜಾ ಎಂದು.
ಅದೊಂದು ಭಾನುವಾರ ಮೂರು ಸಲ ಒತ್ತಿ ಕೂತೆ.

ಬಂದರದ ಕಟ್ಟೆಯಲ್ಲಿ ಮುದುಕ ಪಾಂಡು ತಾಂಡೇಲ ಕೇಳಿದ,
ಇದು ನಮ್ಮ ರಂಪಣಿ ಇದ್ದಹಾಗೋ? ಊರೆಲ್ಲ ಸೇರಿ ಎಳೆಯುವುದೋ?
ಹೌದು ಎನ್ನಲು ಬಾಯಿ ತೆರೆದೆ.
ಅವನೇ ನಕ್ಕ:
ರಂಪಣಿಗೂ ಒಡೆಯ ಇದ್ದ ಮಾರಾಯ್ತಿ.
ಹಗ್ಗ ನಮ್ಮ ಅಂಗೈಯಲ್ಲಿ, ಬಲೆ ಅವನದು.
ಹಾಗಾದರೆ ಇದಕ್ಕೆ ಏನೆನ್ನಲಿ?
ಗಾಳದ ದೋಣಿ ಎನ್ನು, ಎಂದ.
ಒಬ್ಬೊಬ್ಬನದೇ ದೋಣಿ, ಒಬ್ಬೊಬ್ಬನದೇ ದೀಪ,
ದೀಪ ಕಂಡರೆ ಕೂಗಬಹುದು.
ಸ್ವಲ್ಪ ತಡೆದು, ಮುಳುಗಿದರೂ ಒಬ್ಬನೇ, ಎಂದ.

ಮೇ ತಿಂಗಳ ಮೊದಲ ಗುಡುಗಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು.
ಮೂರು ದಿನ ಐಸ್ ನೀರಾಗಿ ಅಂಗಳಕ್ಕೆ ಹರಿಯಿತು,
ನಾನು ಎಲ್ಲೂ ಇರಲಿಲ್ಲ.
ನಾಲ್ಕನೆಯ ದಿನ ಗೊತ್ತಿಲ್ಲದ ನಂಬರಿನಿಂದ ಫೋನು:
ಎಂತದ್ದೇ, ಸತ್ಯೋ ಬದುಕಿದ್ಯೋ?

ಅವನ ದನಿ ಅಲ್ಲಿಯವರೆಗೆ ಕೇಳಿರಲಿಲ್ಲ.
ತಪ್ಪಾಯ್ತು ಗೌಡರೆ, ಭರತದ ಹೊತ್ತು ಹಾಕಲಾಗಲಿಲ್ಲ,
ನೀವು ತೂಬು ಹೇಗೆ ತೆರೆದಿರೋ, ಎಂದೆ.

ಭರತವಾ? ಎಂದ.
ನಲವತ್ತು ವರ್ಷ ಈ ಕೆಸರಲ್ಲಿ ಕಾಲು ಇಟ್ಟವನಿಗೆ
ನೀನು ಭರತ ಹೇಳಿಕೊಡಬೇಕಾ?
ಏಡಿ ಬಿಲದಿಂದ ಬಂದರೆ ಸಾಕು, ಗೊತ್ತಾಗುತ್ತದೆ.
ನಾನು ನೋಡುವುದು ನೀನು ಬರೆದಿದ್ದೀಯೋ ಇಲ್ಲವೋ ಅಂತ.

ಆ ಕಡೆ ಯಾರೋ ಫೋನು ವಾಪಸು ಕೇಳುತ್ತಿದ್ದರು.

ರಾತ್ರಿ ಫ್ಯೂಸ್ ಹಾಕಿದೆ.
ರೇನ್‌ಕೋಟಿನೊಳಗೆ ಹಸಿರು ಚುಕ್ಕೆ ಒಮ್ಮೆ ಮಿಟುಕಿ, ನಿಂತಿತು.
ಇಂದು ಭರತ, ಎಂದು ಬರೆಯತೊಡಗಿದವಳು
ಹೊತ್ತು ನೋಡಲು ಪಂಚಾಂಗ ತೆಗೆಯದೆ
ಹೊರಗೆ ಧಕ್ಕೆಯ ಮೆಟ್ಟಿಲಿಗೆ ಹೋದೆ,
ನೀರು ಎಲ್ಲಿಯವರೆಗೆ ಬಂದಿದೆ ನೋಡಲು.