ಒಂದು ಗೇಣು

ನಾಪೋಕ್ಲಿನ ಮೈದಾನ, ಏಪ್ರಿಲ್ ಬಿಸಿಲು.
ಸೆಮಿಫೈನಲ್ಲಿನ ಕೊನೆಯ ಪೆನಾಲ್ಟಿ.
ಪಳಂಗಪ್ಪ ಹೊಡೆದ ಚೆಂಡು
ಕಂಬದಿಂದ ಒಂದು ಗೇಣು ಆಚೆ ಹೋಯಿತು.

ಅಷ್ಟೇ ನಡೆದದ್ದು.

ಆ ಸಂಜೆ ಜೀಪಿನಲ್ಲಿ ಹದಿಮೂರು ಜನ,
ಹಾಕಿ ಕೋಲುಗಳು ಮಾತ್ರ ಒಂದಕ್ಕೊಂದು ತಾಗಿ ಸದ್ದು ಮಾಡಿದವು.
ಗೆದ್ದರೆ ಹಂಚಲೆಂದು ಬೋಜಮ್ಮಜ್ಜಿ ತಂದ ಕಡಂಬುಟ್ಟು
ಬಾಯಿ ಕಟ್ಟಿದ ಪಾತ್ರೆಯಲ್ಲೇ ಹಳಸಿತು.

ಮರುವರ್ಷ ಚೋಂದಮ್ಮನ ಮದುವೆಯಲ್ಲಿ
ಪಂದಿಕರಿಯ ಸಾಲಿನಲ್ಲಿ ನಿಂತು ಯಾರೋ ಅಂದರು:
ಗೇಣೆಲ್ಲಿ ಬಂತು ಮಾರಾಯ, ನಾಲ್ಕೇ ಬೆರಳು.
ಪುತ್ತರಿಯ ಹೊತ್ತಿಗೆ ಎರಡಾಯಿತು.
ಬೆಳ್ಳಿಯಪ್ಪಣ್ಣನ ಮಾದದ ಊಟಕ್ಕೆ ಬರುವಾಗ
ಚೆಂಡು ಕಂಬಕ್ಕೆ ತಾಗಿಯೇ ಹೋಗಿತ್ತು,
ಟಕ್ ಅಂದದ್ದು ಕೇಳಿಸಿತ್ತು
ಹಿಂದಿನ ಸಾಲಲ್ಲಿ ಕೂತಿದ್ದ ಕಿವುಡ ಮುದ್ದಯ್ಯನಿಗೂ.

ಆವತ್ತಿಗೆ ಹುಟ್ಟಿಯೇ ಇರದ ಹುಡುಗರು
ಈಗ ಅಂಪೈರನ ಹೆಸರು ಹಿಡಿದು ಬೈಯುತ್ತಾರೆ.
ನಾನು ಲೆಕ್ಕ ಹಾಕಿದ್ದೇನೆ:
ಹೀಗೇ ಹೇಳುತ್ತ ಹೋದರೆ ಇನ್ನು ಹತ್ತು ವರ್ಷಕ್ಕೆ
ಅದು ಗೋಲಾಗಿಬಿಡುತ್ತದೆ.
ಆಮೇಲೆ ಫೈನಲ್ಲು ಆಡಬೇಕಾಗುತ್ತದಲ್ಲ,
ಅದರ ಬಗ್ಗೆ ಯಾರೂ ಯೋಚಿಸಿಲ್ಲ.

ಪಳಂಗಪ್ಪ ಈ ಮಾತಿಗೆ ಸೇರುವುದಿಲ್ಲ.
ಎಲ್ಲ ಮದುವೆಗಳಲ್ಲೂ ಗ್ಲಾಸು ತುಂಬಿಸುವ ಕೆಲಸ ಅವನದೇ.
ಮೊನ್ನೆ ಒಬ್ಬ ಪೋರ ನೇರವಾಗಿ ಕೇಳಿದ,
ಕಂಬಕ್ಕೆ ತಾಗಿತ್ತಂತೆ ಹೌದಾ ಮಾವ?
ಬಾಟಲಿ ಕೆಳಗಿಟ್ಟ.
ಹೆಬ್ಬೆರಳು, ಕಿರುಬೆರಳು ಪೂರ್ತಿ ಚಾಚಿ
ಮೇಜಿನ ಮೇಲೆ ಒತ್ತಿ ಹಿಡಿದ.
ಉಗುರು ಬೆಳ್ಳಗಾಗುವಷ್ಟು.
ಇಷ್ಟು, ಎಂದ.

ನಾವೆಲ್ಲ ಬೇರೆಲ್ಲೋ ನೋಡಿದೆವು.
ಯಾರೋ ಅನ್ನ ಕೇಳಿದರು.