ವಿಳಾಸ ಸರಿಯಿದೆ

ಬೈತಖೋಲದ ಮೀನುಗಾರರ ಸಂಘದಲ್ಲಿ
ನಾನೂ ಶೈಲೇಶನೂ ಒಂದಿಡೀ ಮಧ್ಯಾಹ್ನ ಜಗಳಾಡಿದ್ದೆವು.
ನಾನೂರು ದೋಣಿ, ಎರಡು ಸಾವಿರ ಮುಖ,
ಎಲ್ಲಿಡುವುದು ಇಷ್ಟು ಫೋಟೋ?

ಡೇಟಾಬೇಸಿನೊಳಗೇ ತುಂಬೋಣ, ಅಂದ:
ಹೆಸರಿರುವಲ್ಲೇ ಮುಖ, ಎರಡಕ್ಕೂ ಒಂದೇ ಬೀಗ.
ನಾನಂದೆ: ಬಂಗಡೆ ಲೆಕ್ಕದ ಪುಸ್ತಕದಲ್ಲಿ
ಬಂಗಡೆಯನ್ನೇ ಮಡಚಿಡುತ್ತಾರೇನೋ?
ಪುಟ ಊದುತ್ತದೆ, ಹುಡುಕುವ ಕೈ ನಾರುತ್ತದೆ.
ಮುಖ ಡಿಸ್ಕಿನಲ್ಲಿರಲಿ,
ಪುಸ್ತಕದಲ್ಲಿ ದಾರಿ ಬರೆದರೆ ಸಾಕು.

ಗೆದ್ದೆ.

ಮೂರು ಮಳೆಗಾಲ. ಉಪ್ಪುಗಾಳಿ
ಕಿಟಕಿಯ ಸರಳು ತಿಂದು ಮುಗಿಸಿ
ಡಿಸ್ಕಿಗೆ ಬಾಯಿ ಹಾಕಿತು.
ದೇವಬಾಗದ ಸುಲಭಾ ಹರಿಕಂತ್ರ
ಗಂಡನ ಫೋಟೋ ಕೇಳಿ ಬಂದ ದಿನ
ಪರದೆಯ ಮೇಲೆ ದಾರಿಯಿತ್ತು, ಒಂದಕ್ಷರ ತಪ್ಪದೆ:
ದೋಣಿ, ಓರೆಗೆರೆ, ವರ್ಷ, ಓರೆಗೆರೆ, ದಾಮು.
ಆ ತುದಿಯಲ್ಲಿ ಯಾರೂ ಇಲ್ಲ.

ಓದಿ ಹೇಳಿದೆ. ನಕ್ಕಳು.
“ನಮ್ಮನೆ ಕಡಲಿಗೆ ಹೋಗಿ ಐದು ವರ್ಷ ಆಯ್ತು, ಅಕ್ಕಾ.
ರೇಷನ್ ಕಾರ್ಡಲ್ಲಿ ಮನೆ ನಂಬರು ಹಾಗೇ ಅದೆ.
ಪೋಸ್ಟಿನವ ಬಂದು ನೀರು ನೋಡ್ಕಂಡು ಹೋಗ್ತ.”

ಶೈಲೇಶ ಏನೂ ಅನ್ನದೆ ಮೌಸ್ ಎಳೆದುಕೊಂಡ,
ಕೊನೆಯ ಕಾಲಂ ತೆರೆದ.
ನನಗೆ ತಿಳಿಯದ ಹಾಗೆ ಪ್ರತಿ ಹೆಸರಿನ ಪಕ್ಕ
ಉಗುರಗಲದ ಒಂದೊಂದು ನಕಲು ಬಚ್ಚಿಟ್ಟಿದ್ದ.
ಹಿಗ್ಗಿಸಿದರೆ ಬರೀ ಚೌಕ, ಬೂದು, ಕಂದು.
ಕಣ್ಣಿಲ್ಲ, ಮೂಗಿಲ್ಲ,
ತಲೆಯ ಹತ್ತಿರ ನಾಲ್ಕು ಚೌಕ ಕೆಂಪು.

ಕೆಂಪಿನ ಮೇಲೆ ಬೆರಳಿಟ್ಟಳು.
“ಟೋಪಿ,” ಅಂದಳು.
“ಎಷ್ಟು ಹೇಳಿದ್ರೂ ತೆಗೀಲಿಲ್ಲ ಅವತ್ತು.”